ಬಂಡಳ್ಳಿಯ ಳಕಾರ

ಕೆಲವು ಕಸುಬುಗಳಿಗೆ ಒಂದು ವಿಚಿತ್ರವಾದ ಹಣೆಬರಹವಿದೆ. ಅವು ನೆಟ್ಟಗೆ ನಡೆಯುತ್ತಿರುವಷ್ಟು ಕಾಲ ಅವುಗಳ ಇರವೇ ಯಾರಿಗೂ ತಿಳಿಯದು. ನಿಂತ ಗಳಿಗೆಯಲ್ಲಿ ಮಾತ್ರ ಎಲ್ಲರಿಗೂ ಅವುಗಳ ನೆನಪಾಗುತ್ತದೆ. ಗದ್ದೆಗೆ ನೀರು ಹರಿಯುತ್ತಿರುವಾಗ ನೀರುಗಂಟಿಯನ್ನು ನೆನೆದವರುಂಟೆ? ತೂಬು ಕಟ್ಟಿಕೊಂಡ ದಿನ ಅವನ ಬಾಗಿಲು ತಟ್ಟುವವರಿಗೆ ಲೆಕ್ಕವಿಲ್ಲ. ವಿಶ್ವವಿದ್ಯಾನಿಲಯದ ಕಂಪ್ಯೂಟರ್ ವಿಭಾಗದಲ್ಲಿ ದುಡಿಯತಕ್ಕ ನನ್ನಂಥವರು ಈ ನೀರುಗಂಟಿಯ ಕುಲಕ್ಕೇ ಸೇರಿದವರು. ಪ್ರಾಧ್ಯಾಪಕರ ಹೆಸರು ಪುಸ್ತಕದ ಮೇಲೆ ಅಚ್ಚಾಗುತ್ತದೆ. ಕುಲಪತಿಗಳ ರುಜು ಪದವಿಪತ್ರದ ಮೇಲೆ ಬೀಳುತ್ತದೆ. ಆ ಪತ್ರದಲ್ಲಿ ವಿದ್ಯಾರ್ಥಿಯ ಹೆಸರು, ಅಂಕ, ವರ್ಷಗಳು ಚದುರದೆ ಬಂದು ನಿಲ್ಲುವಂತೆ ಮಾಡಿದವನ ಗುರುತು ಎಲ್ಲಿಯೂ ಇರುವುದಿಲ್ಲ. ಇದನ್ನು ದೂರಾಗಿ ಹೇಳುತ್ತಿಲ್ಲ. ಕಸುಬಿನ ಲಕ್ಷಣವೆಂದು ಮಾತ್ರ ಹೇಳುತ್ತಿದ್ದೇನೆ.

ಮೈಸೂರಿನಲ್ಲಿ ನನ್ನ ದಿನಚರಿ ಬೆಳಗ್ಗೆ ಹತ್ತಕ್ಕೆ ಮೊದಲಾಗುತ್ತದೆ. ಮೊದಲ ಅರ್ಧ ಗಂಟೆ ಪಾಸ್‌ವರ್ಡ್ ಮರೆತವರಿಗೆ ಮೀಸಲು. ಬಳಿಕ ಗ್ರಂಥಾಲಯದ ಮೂರನೆಯ ಮಹಡಿಯಲ್ಲಿ ವೈಫೈ ಇಲ್ಲವೆಂಬ ಕರೆ. ಗೋಡೆಯೊಳಗಿನ ತಂತಿಯನ್ನು ಇಲಿ ಕಡಿದಿದೆಯೆಂಬ ವರದಿ. ಪ್ರಿಂಟರು ಕಾಗದವನ್ನು ನುಂಗಿ ಕುಳಿತಿದೆಯೆಂಬ ಹುಯ್ಲು. ಇವೆಲ್ಲ ಚಿಲ್ಲರೆ ವ್ಯವಹಾರ. ನಿಜವಾದ ಹೊಣೆ ಇರುವುದು ಒಳಗಿನ ತಣ್ಣನೆಯ ಕೋಣೆಯಲ್ಲಿ, ಎಡೆಬಿಡದೆ ಗುಂಯ್‌ಗುಡುತ್ತ ನಿಂತಿರುವ ಸರ್ವರ್‌ಗಳಲ್ಲಿ. ಪ್ರವೇಶದ ಅರ್ಜಿಯಿಂದ ಹಿಡಿದು ಅಂಕಪಟ್ಟಿಯವರೆಗೆ ಸಾವಿರಾರು ಮಕ್ಕಳ ಬಾಳಿನ ಲೆಕ್ಕವೆಲ್ಲ ಅಲ್ಲಿದೆ. ಅವುಗಳ ದುರಸ್ತಿಯನ್ನು ಹಗಲು ಮಾಡುವಂತಿಲ್ಲ; ಜನ ಮಲಗಿದ ಮೇಲೆಯೇ ನಮ್ಮ ಕೆಲಸ. ಫಲಿತಾಂಶದ ದಿನವಂತೂ ಎಲ್ಲರೂ ಒಂದೇ ನಿಮಿಷದಲ್ಲಿ ಒಂದೇ ಬಾಗಿಲಿಗೆ ನುಗ್ಗುತ್ತಾರೆ. ಆ ರಾತ್ರಿ ನಾನು ಮನೆಗೆ ಹೋಗುವುದಿಲ್ಲ.

ಈ ಕೆಲಸವನ್ನು ಬಂಡಳ್ಳಿಯಲ್ಲಿರುವ ನನ್ನ ಅವ್ವನಿಗೆ ವಿವರಿಸುವುದು ಬಹುಕಾಲ ನನ್ನಿಂದಾಗಲಿಲ್ಲ. "ಅದೇನ ಕಾಯ್ತಿಯೆ ಮಗ, ರಾತ್ರಿಯೆಲ್ಲ?" ಎಂದು ಕೇಳುತ್ತಿದ್ದಳು. ಉತ್ತರ ಸಿಕ್ಕಿದ್ದು ನಮ್ಮ ಮನೆಯ ಹುಳುವಿನ ಕೋಣೆಯಲ್ಲಿಯೇ. ಕೊಳ್ಳೇಗಾಲದ ಸೀಮೆ ರೇಷ್ಮೆಗೆ ಹೆಸರಾದದ್ದು. ಅಪ್ಪನಿಗೂ ಒಂದೂವರೆ ಎಕರೆ ಹಿಪ್ಪುನೇರಳೆಯ ತೋಟವಿದೆ. ರೇಷ್ಮೆಹುಳು ಗೂಡು ಕಟ್ಟುವ ಮುನ್ನ ನಾಲ್ಕು ಸಲ ಪೊರೆ ಬಿಡುತ್ತದೆ. ನಮ್ಮವರು ಅದನ್ನು ಜ್ವರವೆನ್ನುತ್ತಾರೆ. ಜ್ವರದಲ್ಲಿರುವ ಹುಳುವಿಗೆ ಸೊಪ್ಪು ಹಾಕಬಾರದು, ಮುಟ್ಟಿ ಅಲುಗಿಸಬಾರದು. ಆದರೆ ಕಣ್ಣು ಮಾತ್ರ ಅದರ ಮೇಲಿಂದ ಕೀಳಬಾರದು. ಕಾವು ಹೆಚ್ಚಿತೇ, ಗಾಳಿ ಕೆಟ್ಟಿತೇ, ಊಜಿ ನೊಣ ಹೊಕ್ಕಿತೇ ಎಂದು ಸರಿರಾತ್ರಿಯಲ್ಲಿ ಎದ್ದು ನೋಡಬೇಕು. "ನಮ್ಮ ಯಂತ್ರಗಳಿಗೂ ಹಾಗೆಯೇ ಜ್ವರ ಬರುತ್ತದವ್ವ, ಆ ಹೊತ್ತಿನಲ್ಲಿ ಪಕ್ಕದಲ್ಲಿರಬೇಕು" ಎಂದೆ. ಅಂದಿನಿಂದ ಅವಳಿಗೆ ನನ್ನ ನೌಕರಿಯ ಬಗ್ಗೆ ಯಾವ ಸಂಶಯವೂ ಉಳಿದಿಲ್ಲ. ನೆರೆಯವರಿಗೂ ಹಾಗೆಯೇ ಹೇಳುತ್ತಾಳೆ: ಮಗ ಮೈಸೂರಲ್ಲಿ ಹುಳ ಮೇಯಿಸುತ್ತಾನೆ ಎಂದು.

ನಮ್ಮೂರಿನ ವಿಷಯ ಎರಡು ಮಾತು. ಊರು ಇದ್ದಲ್ಲಿಯೇ ಇದೆ. ಅದರ ವಿಳಾಸ ಮಾತ್ರ ಅಲೆದಾಡಿದೆ. ನನ್ನ ತಾತ ಹುಟ್ಟಿದಾಗ ಕೊಳ್ಳೇಗಾಲ ತಾಲ್ಲೂಕು ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಅದು ಮೈಸೂರು ರಾಜ್ಯಕ್ಕೆ ಬಂದು ಮೈಸೂರು ಜಿಲ್ಲೆಯ ಭಾಗವಾಯಿತು. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕವಾಯಿತು. 1997ರಲ್ಲಿ ಚಾಮರಾಜನಗರ ಜಿಲ್ಲೆ ಬೇರ್ಪಟ್ಟಿತು. 2018ರಲ್ಲಿ ಹನೂರು ಪ್ರತ್ಯೇಕ ತಾಲ್ಲೂಕಾಗಿ ಬಂಡಳ್ಳಿ ಅದರ ಪಾಲಿಗೆ ಬಂತು. ಒಂದೇ ಮನೆಯಲ್ಲಿ ಹುಟ್ಟಿದ ತಾತ, ಮಗ, ಮೊಮ್ಮಗಳು ಮೂವರ ಕಾಗದಪತ್ರಗಳಲ್ಲಿ ಮೂರು ಜಿಲ್ಲೆಗಳು! ಹಳೆಯ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸುವವನಿಗೆ ಇದು ತಮಾಷೆಯ ಮಾತಲ್ಲ. ಯಂತ್ರವು ಜಿಲ್ಲೆಯ ಹೆಸರನ್ನು ಕೇಳುವುದು ಇಂದಿನ ಪಟ್ಟಿಯಿಂದ. ಮನುಷ್ಯ ಬದುಕಿದ್ದು ಅಂದಿನ ಪಟ್ಟಿಯಲ್ಲಿ.

ವಿಳಾಸಕ್ಕಿಂತ ಸೂಕ್ಷ್ಮವಾದ ತೊಡಕು ಅಕ್ಷರದ್ದು. ನಮ್ಮ ಅರ್ಜಿಗಳಲ್ಲಿ ಬಹುಪಾಲು ಇಂಗ್ಲಿಷಿನಲ್ಲಿ ಭರ್ತಿಯಾಗುತ್ತವೆ. ಆ ಲಿಪಿಯಲ್ಲಿ ಡಕಾರಕ್ಕೂ ದಕಾರಕ್ಕೂ ಒಂದೇ ಅಕ್ಷರ, ಲಕಾರಕ್ಕೂ ಳಕಾರಕ್ಕೂ ಒಂದೇ ಅಕ್ಷರ. ಹಾಗೆ ಬರೆದುದನ್ನು ಪದವಿಪತ್ರಕ್ಕಾಗಿ ಯಂತ್ರ ಮರಳಿ ಕನ್ನಡಿಸಿದಾಗ ಬಂಡಳ್ಳಿ ಎಂಬುದು ಬಂದಲ್ಲಿ ಎಂದಾಗಿ ಕುಳಿತಿರುತ್ತದೆ. ಊರು ಹೋಗಿ ಷರತ್ತಾಯಿತು. ಯಾರು ಬಂದಲ್ಲಿ, ಎಲ್ಲಿಗೆ ಬಂದಲ್ಲಿ ಎಂದು ಕೇಳಬೇಕಷ್ಟೆ. 2014ರ ನವೆಂಬರ್ 1ರಂದು ನಮ್ಮ ನಾಡಿನ ಹನ್ನೆರಡು ನಗರಗಳ ಇಂಗ್ಲಿಷ್ ಹೆಸರುಗಳನ್ನು ಸರಕಾರ ತಿದ್ದಿತು. ಆ ದಿನ ಕನ್ನಡದ ಮೈಸೂರಿನಲ್ಲಿ ಒಂದು ಅಕ್ಷರವೂ ಕದಲಲಿಲ್ಲ; ತಿದ್ದುಪಡಿ ಬೇಕಾದದ್ದು ಇಂಗ್ಲಿಷಿನ ಪಟ್ಟಿಗೆ ಮಾತ್ರ. ಯಾವ ಲಿಪಿಯನ್ನು ಮೂಲವೆಂದು ಹಿಡಿಯಬೇಕೆಂಬ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕೆ?

ಕನ್ನಡ ಕಂಪ್ಯೂಟರಿಗೆ ಬಾರದು ಎಂಬ ಕಾಲ ಕಳೆದು ಬಹಳ ದಿನವಾಯಿತು. ಕೆ. ಪಿ. ರಾವ್ ಅವರು ಉಚ್ಚಾರಣೆಯ ಕ್ರಮದಲ್ಲಿ ಹೊಂದಿಸಿದ ಕೀಲಿಮಣೆಯ ಮೇಲೆ ಇಂದು ಬೆರಳಾಡಿಸದ ಕನ್ನಡ ಲೇಖಕರು ವಿರಳ. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ಬಂತು. ಅನಂತರ ಕನ್ನಡ ಗಣಕ ಪರಿಷತ್ತಿನ ನುಡಿ ಬಂತು. ಆದರೆ ಆ ಮೊದಲ ದಿನಗಳ ವ್ಯವಸ್ಥೆಯಲ್ಲಿ ಕನ್ನಡದ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಪೀಠದಲ್ಲಿ ಕುಳಿತಿದ್ದುವು. ಆ ಅಚ್ಚು ಇಲ್ಲದ ಯಂತ್ರದಲ್ಲಿ ಕಡತ ತೆರೆದರೆ ಕಾಣುತ್ತಿದ್ದುದು ಅರ್ಥವಿಲ್ಲದ ಗೀಚು. ಯೂನಿಕೋಡ್ ಎಂಬ ಜಾಗತಿಕ ಕ್ರಮ ಈ ಬಾಡಿಗೆಯ ಬಾಳನ್ನು ತಪ್ಪಿಸಿತು. 1991ರ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಮನೆಗಳ ಸ್ವಂತ ಕೇರಿ ದೊರೆತಿದೆ. ಭಾರತದ ಲಿಪಿಗಳಿಗೆಲ್ಲ ಒಂದೇ ಅಚ್ಚಿರಲೆಂದು 1988ರಲ್ಲಿ ರೂಪಿಸಿದ್ದ ಇಸ್ಕಿ ಕ್ರಮವನ್ನು ಅದು ಅನುಸರಿಸಿದ್ದರಿಂದ ಒಂದು ಸ್ವಾರಸ್ಯವುಂಟಾಗಿದೆ. ವರ್ಣಮಾಲೆಯಲ್ಲಿ ಹಕಾರದ ಆಚೆ ಕಟ್ಟಕಡೆಗೆ ಕೂಡುವ ಳಕಾರ ಇಲ್ಲಿ ಲಕಾರದ ನೆರೆಮನೆಗೆ ಬಂದಿದೆ. ಲಕಾರದ ಸಂಖ್ಯೆ 3250, ಳಕಾರದ್ದು 3251. ಯಂತ್ರಕ್ಕೆ ಇವೆರಡರ ಅಂತರ ಕೇವಲ ಒಂದು. ಆ ಒಂದರ ಬೆಲೆಯೇನೆಂಬುದನ್ನು ಕಳೆದ ಕೆಲವು ವರ್ಷಗಳಲ್ಲಿ ನಾನು ಹತ್ತಿರದಿಂದ ಕಂಡಿದ್ದೇನೆ.

ನಮ್ಮ ಕಡೆಯ ಒಬ್ಬ ಹೆಣ್ಣುಮಗಳು ಉಪಾಧ್ಯಾಯಿನಿಯ ಹುದ್ದೆಗೆ ಆಯ್ಕೆಯಾದಳು. ಮನೆಯವರಿಗೆ ಅವಳು ಮಾದೇವಿ. ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಮಹದೇವಿ. ಪದವಿಯ ದಾಖಲೆಯಲ್ಲಿ ಮಹಾದೇವಿ. ಊರು ಯಥಾಪ್ರಕಾರ ಬಂದಲ್ಲಿ. ದಾಖಲೆಗಳ ಪರಿಶೀಲನೆಗೆ ಐದು ದಿನ ಉಳಿದಿತ್ತು. ಅವಳ ಮನೆಯಲ್ಲಿ ಪದವಿ ಕಂಡ ಮೊದಲ ಜೀವ ಅದು. ತಂದೆ ಕೂಲಿ ಬಿಟ್ಟು ಅವಳೊಡನೆ ಮೈಸೂರಿಗೆ ಬಂದು ನನ್ನ ಮೇಜಿನ ಮುಂದೆ ಕೈಕಟ್ಟಿ ನಿಂತರು. "ಒಂದಕ್ಷರ ಒತ್ತಿಬುಡಿ ಬುದ್ಧಿ" ಎಂದರು.

ಒತ್ತುವುದು ಒಂದು ಕ್ಷಣದ ಕೆಲಸ. ಆದರೆ ಒತ್ತುವ ಸಾಮರ್ಥ್ಯ ಬೇರೆ, ಅಧಿಕಾರ ಬೇರೆ. ಯಾರು, ಯಾವ ದಿನ, ಯಾವ ಗಳಿಗೆಯಲ್ಲಿ, ಏನಿದ್ದುದನ್ನು ಏನಾಗಿ ಬದಲಿಸಿದರು ಎಂಬುದನ್ನು ಯಂತ್ರವೇ ಬರೆದಿಟ್ಟುಕೊಳ್ಳುತ್ತದೆ. ಆ ಬರಹಕ್ಕೆ ಆಧಾರವಾಗಿ ಮೇಲಧಿಕಾರಿಯ ಆಜ್ಞೆ ಇರತಕ್ಕದ್ದು. ಅರ್ಜಿ, ಹಳೆಯ ಅಂಕಪಟ್ಟಿಯ ಪ್ರತಿ, ಪ್ರಾಂಶುಪಾಲರ ಪತ್ರ, ಶುಲ್ಕದ ರಸೀದಿ ಇಷ್ಟೂ ಸೇರಿ ಗುಮಾಸ್ತರಿಂದ ಮೇಲ್ವಿಚಾರಕರಿಗೆ, ಅವರಿಂದ ಮೌಲ್ಯಮಾಪನದ ಕುಲಸಚಿವರಿಗೆ ಹೋಗಬೇಕು. ನಾನು ಮಾಡಬಹುದಾಗಿದ್ದುದು ಒಂದೇ: ಆ ಕಡತ ಯಾವ ಮೇಜಿನ ಮೇಲೂ ಮಲಗದಂತೆ ಊಟದ ಬಿಡುವಿನಲ್ಲಿ ಅದರ ಹಿಂದೆ ನಡೆಯುವುದು. ನಾಲ್ಕನೆಯ ದಿನ ಸಂಜೆ ಆಜ್ಞೆ ಬಂತು. ಆಕಾರವೊಂದನ್ನು ತೆಗೆದು, ಡಕಾರ ಳಕಾರಗಳನ್ನು ಅವುಗಳ ಜಾಗಕ್ಕೆ ತಂದು ಕೂಡಿಸಿದೆ. ಆಕೆ ಈಗ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದಾಳೆ.

ಎಲ್ಲ ಕಥೆಗಳೂ ಹೀಗೆ ಮುಗಿಯುವುದಿಲ್ಲ. ನನ್ನ ಸೋದರಮಾವನ ಮಗ ಒಂದು ಪತ್ರಿಕೆಯಲ್ಲಿ ನಾಲ್ಕು ಅಂಕಗಳಿಂದ ನಪಾಸಾದ. ಮಾವ ಬಂದು ಕೇಳಿದರು: "ನಿನ್ನ ಕೈಯಾಗೇ ಅದಲ್ಲ ಮಗ, ನಾಕೇ ನಾಕು ನಂಬರು. ಯಾರ ಮನೇದು ಹೋದದು?" ಮರುಮೌಲ್ಯಮಾಪನದ ಅರ್ಜಿ ಹಾಕಿಸುವೆನೆಂದೆ, ಪೂರಕ ಪರೀಕ್ಷೆಗೆ ಪಾಠ ಹೇಳಿಸುವೆನೆಂದೆ. ಅಂಕ ಸೇರಿಸುವುದು ಮಾತ್ರ ಆಗದೆಂದೆ. ಅವರು ತಂದಿಟ್ಟ ನೀರನ್ನೂ ಮುಟ್ಟದೆ ಎದ್ದು ಹೋದರು. ಹುಡುಗ ಮರುವರ್ಷ ಬರೆದು ತೇರ್ಗಡೆಯಾದ. ಮಾವ ಮಾತ್ರ ಅವ್ವನ ಹೊಸ್ತಿಲು ತುಳಿದಿಲ್ಲ. ಪುಷ್ಯದ ಹುಣ್ಣಿಮೆಯಲ್ಲಿ ಸಿದ್ಧಪ್ಪಾಜಿಯ ಚಿಕ್ಕಲ್ಲೂರು ಜಾತ್ರೆಗೆ ಅಣ್ಣತಂಗಿಯರು ಒಂದೇ ಗಾಡಿಯಲ್ಲಿ ಹೋಗಿ ಒಂದೇ ಬಿಡಾರ ಹೂಡುತ್ತಿದ್ದವರು. ಈಗ ಎರಡು ಬಿಡಾರ, ಎರಡು ಒಲೆ. ಅವ್ವ ಒಮ್ಮೆ ಹೇಳಿದಳು: "ನೀ ಮಾಡಿದ್ದು ನ್ಯಾಯವೇ ಇರಬೌದು ಮಗ. ಆದರ ಅಣ್ಣ ಬರದೆ ಹಬ್ಬ ಹಬ್ಬ ಅನಿಸದು." ಕೀಲಿ ಇರುವುದು ನನ್ನ ಕೈಯಲ್ಲಿ, ಅದರ ಬೆಲೆ ತೆರುತ್ತಿರುವವಳು ಅವಳು. ನೌಕರನ ಪ್ರಾಮಾಣಿಕತೆಯನ್ನು ಹೊಗಳುವಾಗ ಲೋಕ ಈ ಲೆಕ್ಕವನ್ನು ಬಿಟ್ಟುಬಿಡುತ್ತದೆ.

ಮನೆಯ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಬೇಕು. ನನ್ನ ಹೆಂಡತಿ ಪ್ರೌಢಶಾಲೆಯ ಉಪಾಧ್ಯಾಯಿನಿ. ಅವಳ ಪರೀಕ್ಷೆಗಳು ಮುಗಿಯುವ ವೇಳೆಗೆ ನನ್ನವು ಮೊದಲಾಗುತ್ತವೆ. ಇಬ್ಬರಿಗೂ ಬಿಡುವಿರುವ ಭಾನುವಾರ ತಿಂಗಳಿಗೆ ಒಂದಾದರೆ ಹೆಚ್ಚು. ಆ ಭಾನುವಾರ ತಿ. ನರಸೀಪುರದ ಮೇಲೆ ಕೊಳ್ಳೇಗಾಲಕ್ಕೆ ಹೋಗಿ, ಅಲ್ಲಿಂದ ಊರಿನ ಬಸ್ಸು ಹಿಡಿಯುತ್ತೇವೆ. ಒಂಬತ್ತು ವರ್ಷದ ಮಗಳು ಒಮ್ಮೆ ಬಸ್ಸಿನಲ್ಲಿ ಕುಳಿತು ತನ್ನ ಪುಸ್ತಕದಲ್ಲಿ ಅಜ್ಜಿಯ ಊರನ್ನು ಇಂಗ್ಲಿಷಿನಲ್ಲಿ ಬರೆದು ಗಟ್ಟಿಯಾಗಿ ಓದಿದಳು: ಬಂದಲ್ಲಿ. ಯಂತ್ರ ಓದಿದಂತೆಯೇ ಓದಿದಳು. "ರೀ, ಇದನ್ನು ತಿದ್ದಲು ಯಾವ ಕುಲಸಚಿವರ ಆಜ್ಞೆ ಬೇಕು?" ಎಂದು ಹೆಂಡತಿ ನಕ್ಕಳು. ಊರು ಸೇರುವವರೆಗೆ ತಾಯಿ ಮಗಳಿಗೆ ನಾಲಗೆ ಮಡಿಸಿ ಳಕಾರ ಹೇಳುವ ಅಭ್ಯಾಸ ನಡೆಯಿತು.

2020ರ ಮಾರ್ಚಿಯಲ್ಲಿ ದೇಶವೇ ಬಾಗಿಲು ಹಾಕಿಕೊಂಡಾಗ ನಾನು ಕೆಲವು ತಿಂಗಳು ಊರಿನಿಂದಲೇ ಕೆಲಸ ಮಾಡಿದೆ. ಮನೆಯೊಳಗೆ ಫೋನಿಗೆ ಸಿಗ್ನಲ್ ಇಲ್ಲ. ಊರಾಚೆಯ ದಿಬ್ಬವೇ ನನ್ನ ಕಚೇರಿ. ಸುತ್ತ ಹುಣಿಸೆಯ ನೆರಳಿನಲ್ಲಿ ಏಳೆಂಟು ವಿದ್ಯಾರ್ಥಿಗಳು, ಅಂಗೈಯಗಲದ ಗಾಜಿನಲ್ಲಿ ಪಾಠ ಕೇಳುತ್ತಿದ್ದವರು. ಕತ್ತಲಾದರೆ ಕಾಡಿನಂಚಿನಿಂದ ಆನೆ ಇಳಿಯುವ ಭಯ. ಆರು ಗಂಟೆಗೆಲ್ಲ ವಿದ್ಯೆ ಮುಚ್ಚುತ್ತಿತ್ತು. ನಮ್ಮ ಸೀಮೆಯ ಮಗ್ಗುಲಲ್ಲೇ ಇರುವ ಶಿವನಸಮುದ್ರದಲ್ಲಿ 1902ರಲ್ಲಿ ಕಾವೇರಿಯಿಂದ ವಿದ್ಯುತ್ತನ್ನು ತೆಗೆದು ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗೆ ಒಯ್ದರು. ಹತ್ತಿರವಿದ್ದವರಿಗೆ ಮೊದಲು ಬೆಳಕು ಸಿಕ್ಕಬೇಕೆಂಬ ನಿಯಮ ತಂತಿಗೆ ಅಂದೂ ತಿಳಿದಿರಲಿಲ್ಲ. ಆ ದಿಬ್ಬದ ಮೇಲೆ ಕುಳಿತಾಗ, ಮೈಸೂರಿನ ತಣ್ಣನೆಯ ಕೋಣೆಯಲ್ಲಿ ನಾನು ಕಾಯುವುದು ಯಂತ್ರವನ್ನಲ್ಲ, ಈ ಏಳೆಂಟು ಹೆಸರುಗಳನ್ನು ಎಂಬುದು ಚೆನ್ನಾಗಿ ಮನಸ್ಸಿಗೆ ಹತ್ತಿತು.

ಈ ಲೇಖನವನ್ನು ಓದುವವರಲ್ಲಿ ಉಪಾಧ್ಯಾಯರು ಅನೇಕರಿರಬಹುದು. ಅವರಲ್ಲಿ ನನ್ನದೊಂದು ವಿನಂತಿ. ದಾಖಲೆಗಳ ದೋಷ ವಿಶ್ವವಿದ್ಯಾನಿಲಯದಲ್ಲಿ ಹುಟ್ಟುವುದು ಅಪರೂಪ. ಅದರ ಬೇರು ಒಂದನೆಯ ತರಗತಿಯ ದಾಖಲಾತಿ ಪುಸ್ತಕದಲ್ಲಿರುತ್ತದೆ. ಮಗುವನ್ನು ಕೈಹಿಡಿದು ತಂದ ತಾಯಿಗೆ ಓದು ಬಾರದಿರಬಹುದು. ಆದರೆ ಹೆಸರನ್ನು ಸರಿಯಾಗಿ ಉಚ್ಚರಿಸಲು ಅವಳಿಗೆ ಬರುತ್ತದೆ. ಅವಳಿಂದ ಎರಡು ಸಲ ಹೇಳಿಸಿ, ಮೊದಲು ಕನ್ನಡದಲ್ಲಿ ಬರೆದು, ಬರೆದುದನ್ನು ಓದಿ ಕೇಳಿಸಿ, ಆಮೇಲೆ ಇಂಗ್ಲಿಷಿಗೆ ಹೋಗಿರಿ. ವಿದ್ಯಾರ್ಥಿಗಳು ಅರ್ಜಿ ತುಂಬುವ ಕೆಲಸವನ್ನು ಅಂಗಡಿಯವರಿಗೆ ಒಪ್ಪಿಸಿದರೂ ಒಪ್ಪಿಗೆಯ ಗುಂಡಿ ಒತ್ತುವ ಮುನ್ನ ತಮ್ಮ ಹೆಸರನ್ನೂ ಊರನ್ನೂ ತಾವೇ ಒಂದು ಸಲ ಓದಿಕೊಳ್ಳಲಿ. ಇದಕ್ಕೆ ತಗಲುವುದು ಎರಡು ನಿಮಿಷ. ಇಪ್ಪತ್ತು ವರ್ಷಗಳ ಮೇಲೆ ಯಾರೋ ಒಬ್ಬ ತಂದೆಗೆ ಒಂದು ವಾರದ ಕೂಲಿ ಉಳಿಯುತ್ತದೆ.