ಅಂಬಾಸಿಡರಿನಲ್ಲಿ ಬ್ಯಾಟರಿಗೊಂದು ಜಾಗ

ಶಿವರಾತ್ರಿ ಕಳೆದು ವಾರವಾಗಿತ್ತು. ಆದೋನಿಯ ಬಿಸಿಲು ಆಗಲೇ ತಗಡಿನ ಶೆಡ್ಡುಗಳ ಮೇಲೆ ಕೂತು ಚಟಚಟ ಅನ್ನುತ್ತಿತ್ತು. ಹತ್ತಿ ಸುಗ್ಗಿ ಮುಗಿಯುತ್ತ ಬಂದಿದ್ದರೂ ಮಾರ್ಕೆಟ್ ಯಾರ್ಡಿನ ಲಾರಿಗಳ ಓಡಾಟ ನಿಂತಿರಲಿಲ್ಲ. ಅವು ಹೋದ ದಾರಿಯುದ್ದಕ್ಕೂ ಜಾಲಿಗಿಡಗಳಿಗೆ ಅರಳೆ ಸಿಕ್ಕಿಕೊಂಡು ಗಿಡಗಳಿಗೇ ತಲೆ ನೆರೆತ ಹಾಗೆ ಕಾಣುತ್ತಿತ್ತು. ಆಲೂರು ರಸ್ತೆಯ ಶೆಡ್ಡೊಂದರಲ್ಲಿ, ನಾಲ್ಕು ಸೈಜುಗಲ್ಲುಗಳ ಮೇಲೆ, ನನ್ನ ಗೆಳೆಯನ ಅಪ್ಪನ ಅಂಬಾಸಿಡರ್ ನಿಂತಿತ್ತು. ಗಾಲಿ ಇಲ್ಲ, ಸೀಟು ಇಲ್ಲ, ಮೈಗೆ ಬರೀ ರೆಡ್ ಆಕ್ಸೈಡ್. ಬಾನೆಟ್ಟು ಗೋಡೆಗೆ ಒರಗಿತ್ತು, ಅದರ ನೆರಳಲ್ಲೊಂದು ನಾಯಿ ಮಲಗಿತ್ತು.

ಗಾಡಿ 1974ರ ಮಾರ್ಕ್ ಟು. ಗೆಳೆಯನ ಅಪ್ಪ ದಲಾಲಿ ಮಂಡಿ ಇಟ್ಟಿದ್ದವರು. ತೊಂಬತ್ತರ ದಶಕದಲ್ಲಿ ಪೆಟ್ರೋಲಿನ ರೇಟು ನೋಡಿ ಬೇಸತ್ತು ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಏರಿಸಿದ್ದರು. ಆ ಕಾಲದಲ್ಲಿ ಈ ಸೀಮೆಯಲ್ಲಿ ಅದೇನೂ ದೊಡ್ಡ ಸಂಗತಿಯಲ್ಲ. ಜೀಪಿಗೂ ಕಾರಿಗೂ ಡೀಸೆಲ್ ಹೃದಯ ಕಸಿ ಮಾಡುವ ಮೇಸ್ತ್ರಿಗಳು ಊರೂರಿಗಿದ್ದರು. ಅಪ್ಪ ಹೋದ ಮೇಲೆ ಗಾಡಿ ಮಂಡಿಯ ಹಿಂದಿನ ಗೋದಾಮಿನಲ್ಲಿ ಅಂಡಿಗೆಗಳ ನಡುವೆ ನಿಂತುಬಿಟ್ಟಿತ್ತು. ಈಗ ಮಗನಿಗೆ ಅದನ್ನು ಎಬ್ಬಿಸುವ ಹಂಬಲ. ಅಮ್ಮನನ್ನು ಒಂದು ಗುರುವಾರ ಅದರಲ್ಲೇ ಮಂತ್ರಾಲಯಕ್ಕೆ ಕರೆದುಕೊಂಡು ಹೋಗಬೇಕು, ಅಮ್ಮನಿಗೆ ಸೆಕೆ ತಡೆಯದು, ಅದಕ್ಕೆ ಏಸಿ ಬೇಕು. ತಕರಾರು ಶುರುವಾದದ್ದೇ ಈ ಏಸಿಯಿಂದ. ಬಾನೆಟ್ಟಿನ ಕೆಳಗೆ ಕಂಪ್ರೆಸರ್ ಕೂತಿತು, ರೇಡಿಯೇಟರ್ ಮುಂದೆ ಕಂಡೆನ್ಸರ್ ಕೂತಿತು, ಬ್ಯಾಟರಿಗೆ ಜಾಗವೇ ಉಳಿಯಲಿಲ್ಲ.

"ಚಾಚಾ, ಡಿಕ್ಕಿಯೊಳಗ ಇಟ್ಟುಬಿಡ್ರಿ," ಅಂದ ಗೆಳೆಯ, ಒಂದೇ ಮಾತಿಗೆ ಮುಗಿಸುವವನ ಹಾಗೆ.

ಚಾಚಾ ತಲೆ ಎತ್ತಲಿಲ್ಲ. ಅರವತ್ತು ದಾಟಿದ ಮೇಸ್ತ್ರಿ, ಮನೆಯಲ್ಲಿ ಉರ್ದು, ಗಿರಾಕಿಗಳ ಜೊತೆ ತೆಲುಗು, ಸಿಟ್ಟು ಬಂದರೆ ಕನ್ನಡ. ಕೆಲಸ ಕಲಿತದ್ದು ಬಳ್ಳಾರಿಯಲ್ಲಿ. ಆದೋನಿ, ಆಲೂರು ತಾಲೂಕುಗಳು 1953ರ ಅಕ್ಟೋಬರ್ 1ರಂದು ಆಂಧ್ರಕ್ಕೆ ಸೇರಿದವು, ಅಲ್ಲಿಯವರೆಗೆ ಬಳ್ಳಾರಿ ಜಿಲ್ಲೆಯವೇ. ಗೆರೆ ಎಳೆದು ಎಪ್ಪತ್ತು ವರ್ಷ ಕಳೆದರೂ ಬೀಗತನಕ್ಕೆ, ಬಿಡಿಭಾಗಕ್ಕೆ, ಕಸುಬು ಕಲಿಯುವುದಕ್ಕೆ ಜನ ಆ ಕಡೆಗೇ ಬಸ್ಸು ಹತ್ತುತ್ತಾರೆ.

"ಸಾವ್ಕಾರ್ರೆ," ಅಂದರು ಚಾಚಾ, ಪಾನಾ ಒರೆಸುತ್ತ, "ಬ್ಯಾಟ್ರಿ ಅಂದ್ರ ಟ್ರಂಕಲ್ಲ, ಎಲ್ಲಿ ಖಾಲಿ ಐತೋ ಅಲ್ಲಿ ನೂಕಾಕ. ಅದಕ್ಕ ನೀರು ಕುಡಿಸಬೇಕು, ಉಸಿರಾಡಾಕ ಬಿಡಬೇಕು. ಕೈಗೆ ಸಿಗಲಿಲ್ಲಂದ್ರ ಮೇ ತಿಂಗಳಾಗ ಯಾರು ಅದರ ಮುಖ ನೋಡ್ತಾರ?"

ಹಳೆಯ ಬ್ಯಾಟರಿ ಶೆಡ್ಡಿನ ಮೂಲೆಯಲ್ಲೇ ಬಿದ್ದಿತ್ತು. ಚಾಚಾ ಅದರ ಮುಚ್ಚಳ ತಿರುಚಿ ತೆಗೆದು ನನ್ನನ್ನು ಬಗ್ಗಿಸಿ ತೋರಿಸಿದರು. ಒಳಗಿನ ಸೀಸದ ಹಲಗೆಗಳು ಬರಗಾಲದ ಕೆರೆಯಂಗಳದ ಹಾಗೆ ಬಿಳಿಚಿಕೊಂಡು ಸೀಳಿದ್ದವು. ನೀರು ಹಲಗೆಗಳ ಮೇಲೆ ಒಂದು ಬೆರಳಿನಷ್ಟಾದರೂ ನಿಂತಿರಬೇಕು. ಹಲಗೆ ಒಮ್ಮೆ ಗಾಳಿಗೆ ಬಿತ್ತೆಂದರೆ ಅಲ್ಲಿ ಸಲ್ಫೇಟು ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಎಷ್ಟು ಚಾರ್ಜು ಕೊಟ್ಟರೂ ಆ ಭಾಗಕ್ಕೆ ಜೀವ ಬರುವುದಿಲ್ಲ. ಡೀಸೆಲ್ ಎಂಜಿನ್ನಿಗೆಂದು ತಂದ ದೊಡ್ಡ ಬ್ಯಾಟರಿ ಪೆಟ್ರೋಲ್ ಗಾಡಿಯ ಚಿಕ್ಕ ತಟ್ಟೆಯಲ್ಲಿ ಹಿಡಿಸದೆ, ಯಾರೋ ಆಂಗಲ್ ಕಬ್ಬಿಣ ಬೆಸೆದು ತಟ್ಟೆಯನ್ನು ಎಂಜಿನ್ ಕಡೆಗೆ ಹಿಗ್ಗಿಸಿದ್ದರು. ಹಾಗೆ ಹಿಗ್ಗಿದ ಕಡೆಯೇ ಕಾವು. ಬ್ಯಾಟರಿಯ ಬಿಸಿ ಹತ್ತು ಡಿಗ್ರಿ ಏರಿದರೆ ಆಯಸ್ಸು ಅರ್ಧವಾಗುತ್ತದೆ ಎಂಬುದು ಕಸುಬಿನವರ ಸ್ಥೂಲ ಲೆಕ್ಕ. ಹೊರಗೇ ನಲವತ್ತೆರಡು ಡಿಗ್ರಿ ಇರುವ ಊರಲ್ಲಿ ಎಂಜಿನ್ ಪಕ್ಕದಲ್ಲಿ ಅದರ ಗತಿ ಏನಾಗಿರಬೇಕು? ಒಂದೂವರೆ ವರ್ಷಕ್ಕೊಂದು ಬ್ಯಾಟರಿ ಬದಲಾಯಿಸುತ್ತಿದ್ದೆವು ಎಂದು ಗೆಳೆಯ ಒಪ್ಪಿಕೊಂಡ.

ಡೀಸೆಲ್‌ಗೆ ದೊಡ್ಡ ಬ್ಯಾಟರಿ ಏಕೆ ಎಂದರೆ, ಪೆಟ್ರೋಲ್ ಎಂಜಿನ್ ಗಾಳಿಯನ್ನು ಎಂಟರಲ್ಲಿ ಒಂದು ಪಾಲಿನ ಜಾಗಕ್ಕೆ ಒತ್ತಿದರೆ ಡೀಸೆಲ್ ಎಂಜಿನ್ ಇಪ್ಪತ್ತರಲ್ಲಿ ಒಂದಕ್ಕಿಂತಲೂ ಬಿಗಿಯಾಗಿ ಒತ್ತಬೇಕು. ಕಿಡಿ ಇಲ್ಲ, ಒತ್ತಿದ ಗಾಳಿಯ ಕಾವಿಗೇ ಎಣ್ಣೆ ಹೊತ್ತಬೇಕು. ಆ ಬಿಗಿಯನ್ನು ಮೊದಲ ಸುತ್ತು ತಿರುಗಿಸುವವನು ಸೆಲ್ಫ್ ಮೋಟರು, ಅವನಿಗೆ ಕೂಲಿ ಕೊಡುವುದು ಬ್ಯಾಟರಿ. ಜೊತೆಗೆ ಹೀಟರ್ ಪ್ಲಗ್ಗುಗಳ ಹಸಿವು ಬೇರೆ.

ಮಧ್ಯಾಹ್ನ ಉಗ್ಗಾಣಿ, ಮೆಣಸಿನಕಾಯಿ ಬಜ್ಜಿಯ ಪೊಟ್ಟಣ ಬಂತು. ತಿನ್ನುತ್ತ ನಾನು ನನಗೆ ತಿಳಿದ ಕಾರುಗಳ ಪುರಾಣ ಬಿಚ್ಚಿದೆ. ಫೋರ್ಡಿನ ಮಾಡೆಲ್ ಎ ಗಾಡಿಯಲ್ಲಿ ಬ್ಯಾಟರಿ ಡ್ರೈವರನ ಕಾಲಡಿಯ ಹಲಗೆಯ ಕೆಳಗೆ. ಮಾರಿಸ್ ಮೈನರಿನಲ್ಲಿ ಎಂಜಿನ್ ಹಿಂದಿನ ತಡೆಗೋಡೆಯ ಹತ್ತಿರ. ಎಂಜಿಬಿ ಎಂಬ ಸ್ಪೋರ್ಟ್ಸ್ ಕಾರಿನಲ್ಲಿ ಮೊದಮೊದಲು ಆರಾರು ವೋಲ್ಟಿನ ಎರಡು, ಸೀಟುಗಳ ಹಿಂದೆ ನೆಲದಲ್ಲಿ ಹೂತವು. 1959ರಲ್ಲಿ ಬಂದ ಪುಟ್ಟ ಮಿನಿಯಲ್ಲಿ ಡಿಕ್ಕಿಯೊಳಗೆ. ಫೋಕ್ಸ್‌ವ್ಯಾಗನ್ ಬೀಟಲಿನಲ್ಲಿ ಹಿಂಬದಿ ಸೀಟಿನ ಕೆಳಗೆ. ಅಲ್ಲಿ ದಪ್ಪ ಆಸಾಮಿ ಧಪ್ಪನೆ ಕೂತರೆ ಸೀಟಿನ ಸ್ಪ್ರಿಂಗು ಇಳಿದು ಎರಡೂ ಟರ್ಮಿನಲ್ಲಿಗೆ ತಾಗಿ, ಸೀಟಿನ ನಾರು ಹೊತ್ತಿಕೊಂಡ ಕತೆಗಳು ಎಷ್ಟೋ ಇವೆ. ಶ್ರೀರಂಗಪಟ್ಟಣದ ಹತ್ತಿರ 'ಪಯಣ' ಕಾರ್ ಮ್ಯೂಸಿಯಂ ನೋಡಿದವರನ್ನು ಕೇಳಿ, ಬಣ್ಣದ ಬಗ್ಗೆ, ದೀಪಗಳ ಬಗ್ಗೆ ಹೇಳಿಯಾರು. ಬ್ಯಾಟರಿ ಎಲ್ಲಿತ್ತೆಂದು ಒಬ್ಬರೂ ಹೇಳಲಾರರು.

ಚಾಚಾ ಎಲ್ಲ ಕೇಳಿಸಿಕೊಂಡು, ಬೀಟಲಿನ ಕತೆಗೆ ಮಾತ್ರ ತಲೆದೂಗಿದರು. "ಸೀಟಿನ ಕೆಳಗ ಬೇಡವೇ ಬೇಡ. ಇದು ಹತ್ತಿ ಊರು. ನಿಮ್ಮ ಮಂಡಿ ಗಾಡಿಯ ಸೀಟು ಎತ್ತಿ ನೋಡಿದ್ದೀರೇನು?"

ನೋಡಿದೆವು. ಗೋಡೆಗೆ ಒರಗಿಸಿಟ್ಟಿದ್ದ ಹಿಂಬದಿ ಸೀಟಿನ ಅಡಿಯಲ್ಲಿ, ಸ್ಪ್ರಿಂಗುಗಳ ನಡುವೆ, ಮೂವತ್ತು ವರ್ಷದ ಅರಳೆ ಬೂದು ಬಣ್ಣದ ಗೂಡಾಗಿ ಕೂತಿತ್ತು. ಒಂದು ಕಿಡಿ ಸಾಕು. ಅರಳೆಗೆ ಇನ್ನೊಂದು ಕೆಲಸವೂ ಗೊತ್ತು. ಬ್ಯಾಟರಿಯ ನೆತ್ತಿಯ ಮೇಲೆ ಕೂತು, ಆ್ಯಸಿಡ್ಡಿನ ಪಸೆ ಹೀರಿ, ಎರಡು ಟರ್ಮಿನಲ್ಲುಗಳ ನಡುವೆ ತೇವದ ಸೇತುವೆ ಕಟ್ಟುತ್ತದೆ. ಗಾಡಿ ನಿಂತಲ್ಲೇ ಕರೆಂಟು ಸೋರಿಹೋಗುತ್ತದೆ. ಆ್ಯಸಿಡ್ಡಿಗೂ ಹತ್ತಿಗೂ ಮೊದಲಿನಿಂದಲೂ ಇಂಥದೇ ನಂಟು: ಹತ್ತಿಬೀಜದ ಮೇಲೆ ಉಳಿದ ಕಿರುನವಿರನ್ನು ಸುಟ್ಟು ಬೀಜ ನುಣ್ಣಗೆ ಮಾಡುವುದಕ್ಕೂ ಇದೇ ಗಂಧಕಾಮ್ಲ ಬಳಸುತ್ತಾರೆ. ಚಾಚಾರ ಹತ್ತಿ ಪೈಜಾಮದ ಮೊಣಕಾಲಿನ ಮೇಲೆ ಜರಡಿಯಂಥ ತೂತುಗಳಿದ್ದವು. ಸಹಾಯಕ ಹುಡುಗನ ಪಾಲಿಯೆಸ್ಟರ್ ಪ್ಯಾಂಟಿಗೆ ಬರೀ ಕಲೆ.

ಸಂಜೆ ಹೊತ್ತಿಗೆ ಡಿಕ್ಕಿಯೇ ಗಟ್ಟಿಯಾಯಿತು. ಬೇರೆ ಜಾಗ ಇರಲಿಲ್ಲ ಎನ್ನುವುದು ಒಂದು ಕಾರಣ. ಸೊಂಟದ ಎತ್ತರಕ್ಕೆ ಕೈ ನೇರ ತಲುಪುತ್ತದೆ ಎಂಬುದು ಚಾಚಾ ಒಪ್ಪಿದ ಕಾರಣ. ಆದರೆ ಶರತ್ತುಗಳು ಒಂದೆರಡಲ್ಲ. ಬಲಮೂಲೆಯಲ್ಲಿ ಫೈಬರ್ ಡಬ್ಬಿ. ಚಾರ್ಜು ಆಗುವಾಗ ಬ್ಯಾಟರಿ ಬಿಡುವುದು ಹೈಡ್ರೋಜನ್, ಗಾಳಿಯಲ್ಲಿ ನೂರಕ್ಕೆ ನಾಲ್ಕು ಪಾಲು ಸೇರಿದರೂ ಕಿಡಿಗೆ ಸಿಡಿಯುವಂಥದ್ದು. ಅದು ಎಲ್ಲಕ್ಕಿಂತ ಹಗುರ, ಮೇಲಕ್ಕೇ ಏರುತ್ತದೆ. ಆದ್ದರಿಂದ ಡಬ್ಬಿಯ ಮುಚ್ಚಳದಿಂದಲೇ ಒಂದು ಪೈಪು ಹೊರಟು ಗಾಡಿಯ ಹೊರಗೆ ಬಾಯಿ ಬಿಡಬೇಕು, ಹೊಸ ಗಾಳಿ ಬರಲು ಕೆಳಗೊಂದು ತೂತು. ಡಬ್ಬಿಯ ತಳಕ್ಕೆ ಹಳೆ ಲಾರಿ ಟ್ಯೂಬಿನ ರಬ್ಬರು, ಏಕೆಂದರೆ ಪಟ್ಟಿ ಸ್ಪ್ರಿಂಗಿನ ಹಿಂಭಾಗ ಕುಣಿದಷ್ಟು ಮುಂಭಾಗ ಕುಣಿಯುವುದಿಲ್ಲ, ಕುಣಿತಕ್ಕೆ ಸೀಸದ ಹಲಗೆಯ ಪುಡಿ ಉದುರುತ್ತದೆ. ಮೇಲೆ ಗಟ್ಟಿ ಕ್ಲ್ಯಾಂಪು. ಇಪ್ಪತ್ತು ಕಿಲೊ ಹತ್ತಿರದ ವಸ್ತು ಗಾಡಿ ಮಗುಚಿದಾಗ ಎಲ್ಲಿರುತ್ತದೆ ಎಂದು ಯೋಚಿಸಬೇಕಂತೆ.

"ಜಾಕು, ಪಾನಾ, ಏನೂ ಡಿಕ್ಕಿಯೊಳಗ ಸಡ್ಲ ಬಿಡಬಾರ್ದು," ಅಂದರು. ಹಿಂದೊಮ್ಮೆ ಯಾರದೋ ಗಾಡಿಯಲ್ಲಿ ಹಳ್ಳ ಹಾರಿದಾಗ ಜಾಕಿನ ರಾಡು ಉರುಳಿ ಎರಡು ಟರ್ಮಿನಲ್ಲುಗಳ ಮೇಲೆ ಅಡ್ಡ ಬಿತ್ತಂತೆ. ವೆಲ್ಡಿಂಗ್ ಮಾಡಿದ ಹಾಗೆ ಕಚ್ಚಿಕೊಂಡಿತಂತೆ. ಬಿಡಿಸಲು ಹೋದವನ ಅಂಗೈ ತೋರಿಸುವಂತೆ ಚಾಚಾ ತಮ್ಮದೇ ಅಂಗೈ ಚಾಚಿದರು. ಅಲ್ಲಿ ಹೊಳೆಯುವ ಒಂದು ಗೆರೆ ಇತ್ತು. 'ಯಾರದೋ' ಅಂದರೆ ಯಾರೆಂದು ನಾವು ಕೇಳಲಿಲ್ಲ.

ಬ್ಯಾಟರಿ ಹಿಂದಕ್ಕೆ ಹೋಯಿತು ಅಂದರೆ ಕರೆಂಟಿನ ದಾರಿ ಉದ್ದವಾಯಿತು. ಡಿಕ್ಕಿಯಿಂದ ಸೆಲ್ಫ್ ಮೋಟರಿನವರೆಗೆ ಟೇಪು ಹಿಡಿದರೆ ನಾಲ್ಕು ಮೀಟರು. ಗೆಳೆಯ ತಂದಿದ್ದ ಕೇಬಲ್ಲು ಹದಿನಾರು ಚದರ ಮಿಲಿಮೀಟರಿನದು, ನೋಡಲು ದಪ್ಪವೇ. ನಾನು ಲೆಕ್ಕ ಹಾಕಿದೆ: ಇನ್ನೂರು ಆಂಪಿಯರು ಎಳೆದಾಗ ಆ ತಂತಿಯಲ್ಲೇ ಮುಕ್ಕಾಲು ವೋಲ್ಟಿಗೂ ಮಿಗಿಲಾಗಿ ಕಳೆದುಹೋಗುತ್ತದೆ. ಮೂವತ್ತೈದರದಾದರೆ ಸುಮಾರು ಅರ್ಧಕ್ಕಿಳಿಯುತ್ತದೆ. ಚಾಚಾಗೆ ಈ ಲೆಕ್ಕ ಬೇಕಿರಲಿಲ್ಲ. ಕೇಬಲ್ಲನ್ನು ಕೈಯಲ್ಲಿ ತೂಗಿ ನೋಡಿ ಪಕ್ಕಕ್ಕಿಟ್ಟರು. "ಇದು ಪೆಟ್ರೋಲ್ ಗಾಡಿಯ ಕರುಳು. ವೆಲ್ಡಿಂಗ್ ಕೇಬಲ್ ತರ್ಸ್ರಿ." ಹೆಬ್ಬೆರಳಿನ ದಪ್ಪ, ಒಳಗೆ ಕೂದಲಿನಂಥ ಸಾವಿರ ಎಳೆ ತಾಮ್ರ, ಹಾವಿನಂತೆ ಬಾಗುತ್ತದೆ. ತಗಡಿನಲ್ಲಿ ತೂತು ಕೊರೆದಲ್ಲೆಲ್ಲ ರಬ್ಬರಿನ ಬಳೆ, ಇಲ್ಲವಾದರೆ ತಗಡಿನ ಅಂಚು ವರ್ಷದೊಳಗೆ ಕೇಬಲ್ಲಿನ ಚರ್ಮ ಕೊಯ್ಯುತ್ತದೆ. ಬ್ಯಾಟರಿಯ ಪಕ್ಕದಲ್ಲೇ ಲಾರಿಗಳಿಗೆ ಹಾಕುವಂಥ ಕಟಾಫ್ ಸ್ವಿಚ್ಚು. ತಿಂಗಳುಗಟ್ಟಲೆ ನಿಲ್ಲುವ ಗಾಡಿಗೆ ಅದು ಇರಲೇಬೇಕು.

ಮರುದಿನ ನೋಡಿದ ಅರ್ತಿನ ಕೆಲಸವೇ ನನಗೆ ಹೆಚ್ಚು ಹಿಡಿಸಿದ್ದು. ಹೋದ ಕರೆಂಟು ತಿರುಗಿ ಬರುವ ದಾರಿ ಗಾಡಿಯ ಮೈ. ಹೊಸ ಬಣ್ಣ ಹೊಡೆದ ಮೈ ಕರೆಂಟಿಗೆ ಮುಚ್ಚಿದ ಬಾಗಿಲು. ಚಾಚಾ ಎಮ್ರಿ ಕಾಗದ ಹಿಡಿದು ಡಿಕ್ಕಿಯ ನೆಲದಲ್ಲಿ ಒಂದು ರೂಪಾಯಿ ನಾಣ್ಯದಷ್ಟಗಲ ಉಜ್ಜಿದರು. ಕೆಂಪು ಹೋಯಿತು, ಬೂದು ಹೋಯಿತು, ಬೆಳ್ಳಿಯಂಥ ಕಬ್ಬಿಣ ಕಂಡಿತು. ಅಲ್ಲಿ ಬೋಲ್ಟು ಬಿಗಿದು ಗ್ರೀಸು ಬಳಿದರು. ಆಮೇಲೆ ಮುಂದೆ ಹೋಗಿ, ಎಂಜಿನ್ನಿನಿಂದ ಮೈಗೆ ಒಂದು ಹೆಣೆದ ತಾಮ್ರದ ಪಟ್ಟಿ. ಎಂಜಿನ್ನು ಕೂತಿರುವುದು ರಬ್ಬರಿನ ಮೇಲೆ. ಈ ಪಟ್ಟಿ ಮರೆತರೆ ಇನ್ನೂರು ಆಂಪಿಯರಿಗೆ ಸಿಕ್ಕಿದ್ದೇ ದಾರಿ. ಪೆಟ್ರೋಲ್ ಗಾಡಿಯೊಂದರ ಚೋಕ್ ತಂತಿ ಕುಲುಮೆಯ ಸಲಾಕೆಯಂತೆ ಕೆಂಪಗಾದದ್ದನ್ನು ಅವರು ಕಣ್ಣಾರೆ ಕಂಡಿದ್ದರಂತೆ.

ನಡುವೆ ನಾನೊಂದು ಅಧಿಕಪ್ರಸಂಗ ಮಾಡಿದೆ. ಐವತ್ತು ವರ್ಷ ದಾಟಿದ ಗಾಡಿಗಳಿಗೆ 2021ರ ನಿಯಮದಂತೆ 'ವಿಎ' ಅಕ್ಷರಗಳ ವಿಂಟೇಜ್ ನಂಬರು ಸಿಗುತ್ತದೆ, ಆದರೆ ಎಂಜಿನ್, ಚಾಸಿ, ಬಾಡಿ ಮೂಲದ ಹಾಗೆಯೇ ಇರಬೇಕು, ಈ ಗಾಡಿಗೆ ಆ ಯೋಗವಿಲ್ಲ ಎಂದೆ. ಗೆಳೆಯನಿಗೆ ಸ್ವಲ್ಪ ಪಿಚ್ಚೆನಿಸಿತು. ಎಂಜಿನ್ ಬದಲಾದದ್ದನ್ನು ಅಪ್ಪ ಆಗಲೇ ಆರ್‌ಸಿಯಲ್ಲಿ ಬರೆಸಿದ್ದರು, ಅದಿಲ್ಲದಿದ್ದರೆ ರಸ್ತೆಗಿಳಿಸುವುದೇ ಕಾನೂನಿಗೆ ವಿರುದ್ಧ. "ಮ್ಯೂಸಿಯಮ್ಮಿಗೆ ಇಡಾಕ ಅಲ್ಲಲ್ಲ, ಮಂತ್ರಾಲಯಕ್ಕ ಹೋಗಾಕ," ಅಂದ ಕೊನೆಗೆ.

ನಾಲ್ಕನೆಯ ದಿನ ಇಳಿಹೊತ್ತು. ರಣಮಂಡಲ ಬೆಟ್ಟದ ಬಂಡೆಗಳು ತಾಮ್ರದ ಬಣ್ಣಕ್ಕೆ ತಿರುಗಿದ್ದವು. ಗೆಳೆಯನ ಅಮ್ಮ ಆಟೋದಲ್ಲಿ ಬಂದಿಳಿದು, ಡಿಕ್ಕಿಯೊಳಗಿನ ಡಬ್ಬಿಗೆ ಕುಂಕುಮ ಹಚ್ಚಿ, "ಇಲ್ಲ್ಯಾಕ ಇಟ್ರಪ್ಪಾ ಇದನ್ನ? ನಮ್ಮ ಬುತ್ತಿ ಗಂಟು ಎಲ್ಲಿಡಬೇಕು?" ಎಂದು ಕೇಳಿದರು. ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಚಾಚಾ ಹೈಡ್ರೋಮೀಟರ್ ಅದ್ದಿ ಆರೂ ಸೆಲ್ಲು ನೋಡಿದರು, ಬುರುಡೆ ಎಲ್ಲದರಲ್ಲೂ ಹಸಿರು ಗೆರೆಯಲ್ಲೇ ತೇಲಿತು. ಹೀಟರ್ ಹಾಕಿ ಹತ್ತು ಎಣಿಸಿದರು. ಸೆಲ್ಫ್ ಹೊಡೆದರು. ಎಂಜಿನ್ನು ಒಂದು ಸಲ ಮುಲುಗಿ, ಎರಡನೆಯ ಸಲಕ್ಕೆ ಕರಿ ಹೊಗೆ ಉಗುಳಿ ಎದ್ದಿತು. ನಾಯಿ ಎದ್ದೋಡಿತು. ಗೆಳೆಯ ಕಣ್ಣೊರೆಸಿಕೊಂಡ, ಹೊಗೆಗೆ ಅಂದ.

ಚಾಚಾ ಮಾತ್ರ ನಗಲಿಲ್ಲ. ಎಂಜಿನ್ ನಿಲ್ಲಿಸಿದರು, ಮತ್ತೆ ಸೆಲ್ಫ್ ಹೊಡೆದರು, ಮತ್ತೆ ನಿಲ್ಲಿಸಿದರು. ಹೀಗೆ ಐದಾರು ಸಲ. ಆಮೇಲೆ ಇಳಿದು, ಡಿಕ್ಕಿಯಿಂದ ಶುರುಮಾಡಿ, ಕೇಬಲ್ಲಿನ ಉದ್ದಕ್ಕೂ ಅಂಗೈ ಸವರುತ್ತ ಬಂದರು, ಜ್ವರ ಬಂದ ಮಗುವಿನ ಮೈ ಮುಟ್ಟಿ ನೋಡುವವರ ಹಾಗೆ. ಕಟಾಫ್ ಸ್ವಿಚ್ಚು ತಣ್ಣಗಿತ್ತು. ನಡುವಿನ ಹಾದಿ ತಣ್ಣಗಿತ್ತು. ಸೆಲ್ಫ್ ಮೋಟರಿನ ಹತ್ತಿರ, ಕೇಬಲ್ಲಿನ ತುದಿಗೆ ಒತ್ತಿ ಕೂರಿಸಿದ ಲಗ್ಗಿನ ಮೇಲೆ ಕೈ ಇಟ್ಟವರು ಅಲ್ಲೇ ನಿಂತರು. ನನ್ನ ಕೈ ಹಿಡಿದು ಅಲ್ಲಿಟ್ಟರು. ಉಗುರುಬೆಚ್ಚಗೆ, ಅಷ್ಟೆ.

"ಇಲ್ಲಿ ಒತ್ತು ಸಾಲದು," ಅಂದರು. "ಏ ಹುಡುಗಾ, ಬ್ಯಾಟ್ರಿ ಸ್ವಿಚ್ ತೆಗಿ. ಇದನ್ನ ಬಿಚ್ಚು."