ಕಾಂಕ್ರೀಟಿನಲ್ಲಿ ಉಕ್ಕಿನ ಕಂಬಿ ಹಾಗೂ ಫೈಬರ್ ಕಂಬಿಗಳ ಹಿಡಿತ: ಮನೆ ಕಟ್ಟಿಸುವವರಿಗೆ ಮಾಹಿತಿ

ಉಕ್ಕಿನ ಕಂಬಿಗೆ ಬದಲಾಗಿ ಗಾಜಿನ ನಾರು ಮತ್ತು ರಾಳದಿಂದ ತಯಾರಾದ ಫೈಬರ್ ಕಂಬಿಯನ್ನು ಬಳಸಬಹುದೇ ಎಂಬುದು ಕಟ್ಟಡ ಪರವಾನಗಿಗೆ ಅರ್ಜಿ ಸಲ್ಲಿಸುವವರಲ್ಲಿ ಮೂಡುವ ಸಹಜ ಪ್ರಶ್ನೆ. ಈ ಕಂಬಿಗೆ ತುಕ್ಕು ಹಿಡಿಯುವುದಿಲ್ಲ. ತೂಕವೂ ಉಕ್ಕಿನ ಸುಮಾರು ನಾಲ್ಕನೇ ಒಂದು ಭಾಗ ಮಾತ್ರ. ಉಪ್ಪುಗಾಳಿ ಬೀಸುವ ಕರಾವಳಿಯಲ್ಲಿ ಇದು ಸಣ್ಣ ಅನುಕೂಲವೇನಲ್ಲ. ಆದರೆ ಕಂಬಿಯು ಎಷ್ಟೇ ಬಲವುಳ್ಳದ್ದಾಗಿದ್ದರೂ, ಕಾಂಕ್ರೀಟು ಅದನ್ನು ಹಿಡಿದುಕೊಂಡಷ್ಟು ಮಾತ್ರ ಕಟ್ಟಡಕ್ಕೆ ಪ್ರಯೋಜನ.

ಉಕ್ಕಿನ ಕಂಬಿಯ ಮೇಲಿನ ಉಬ್ಬುಗೆರೆಗಳು ಗಟ್ಟಿಯಾದ ಕಾಂಕ್ರೀಟಿಗೆ ಆತುಕೊಂಡು ಜಾರುವಿಕೆಯನ್ನು ತಡೆಯುತ್ತವೆ. ಆದುದರಿಂದಲೇ 2000ನೇ ಇಸವಿಯ ಐ.ಎಸ್. 456 ಸಂಹಿತೆಯು ನುಣುಪು ಕಂಬಿಗಿಂತ ಇದಕ್ಕೆ ಶೇಕಡ 60ರಷ್ಟು ಹೆಚ್ಚಿನ ಹಿಡಿತವನ್ನು ಅಂಗೀಕರಿಸಿದೆ. ಎರಡು ಕಂಬಿಗಳನ್ನು ಜೋಡಿಸುವಲ್ಲಿ ಬಿಡುವ ಲ್ಯಾಪ್ ಉದ್ದವು ಈ ಹಿಡಿತವನ್ನೇ ಅವಲಂಬಿಸಿದೆ. ವ್ಯಾಸದ 50 ಪಟ್ಟು ಬಿಟ್ಟರೆ ಸಾಕೆಂಬುದು ಕೆಲಸದ ಸ್ಥಳದ ರೂಢಿ. ತೊಲೆಯಲ್ಲಿ ಎಳೆತಕ್ಕೆ ಒಳಗಾಗುವ ಎಫ್.ಇ. 500 ದರ್ಜೆಯ 12 ಮಿ.ಮೀ. ಕಂಬಿಗೆ ಇದರಂತೆ 600 ಮಿ.ಮೀ. ಆಗುತ್ತದೆ. ಎಂ 25 ಕಾಂಕ್ರೀಟಿಗೆ ಇದು ಸಾಲುತ್ತದೆ. ಎಂ 20 ಕಾಂಕ್ರೀಟಾದರೆ ಸಂಹಿತೆಯ ಲೆಕ್ಕದಲ್ಲಿ ಸುಮಾರು 57 ಪಟ್ಟು, ಅಂದರೆ 680 ಮಿ.ಮೀ.ಗೂ ಹೆಚ್ಚು ಬೇಕಾಗುತ್ತದೆ. ಒಂದು ಗೇಣಿಗಿಂತ ಕಡಿಮೆ ಕಂಬಿಯ ಉಳಿತಾಯಕ್ಕಾಗಿ ತೊಲೆಯ ಭದ್ರತೆಯನ್ನು ಬಿಟ್ಟುಕೊಡುವುದು ಲಾಭದ ಲೆಕ್ಕವಲ್ಲ.

ಫೈಬರ್ ಕಂಬಿಯ ಹಿಡಿತವು ಅದರ ಹೊರಮೈಯ ಮರಳಿನ ಲೇಪ ಅಥವಾ ರಾಳದ ಗೆರೆಗಳಿಂದ ಬರುತ್ತದೆ. ಭಾರ ಹೆಚ್ಚಿದಾಗ ಕಾಂಕ್ರೀಟಿಗಿಂತ ಮೊದಲು ಈ ಹೊರಪದರವೇ ಕಿತ್ತುಬರಬಹುದು. ಬೆಂಕಿ ಅನಾಹುತದಲ್ಲಿ, ಉಕ್ಕು ತಾಳಿಕೊಳ್ಳುವುದಕ್ಕಿಂತ ಬಹಳ ಕಡಿಮೆ ಶಾಖದಲ್ಲಿಯೇ ರಾಳವು ಮೆತ್ತಗಾಗಿ ಹಿಡಿತ ಸಡಿಲಗೊಳ್ಳುತ್ತದೆ. ಒಂದೇ ಭಾರಕ್ಕೆ ಇದು ಉಕ್ಕಿಗಿಂತ ಸುಮಾರು ನಾಲ್ಕು ಪಟ್ಟು ಹಿಗ್ಗುವುದರಿಂದ ತಾರಸಿಯ ಬಾಗುವಿಕೆ ಹಾಗೂ ಬಿರುಕುಗಳ ಅಗಲವೂ ಹೆಚ್ಚುತ್ತವೆ. ಸ್ಥಳದಲ್ಲಿ ಇದನ್ನು ಬಗ್ಗಿಸಿ ಕೊಕ್ಕೆ ಮಾಡಲು ಬರುವುದಿಲ್ಲ.

ಆದ್ದರಿಂದ ಉಕ್ಕಿಗಾಗಿ ತಯಾರಿಸಿದ ನಕ್ಷೆಯಲ್ಲಿ ಅದೇ ವ್ಯಾಸ, ಅದೇ ಲ್ಯಾಪ್ ಇರಿಸಿಕೊಂಡು ಫೈಬರ್ ಕಂಬಿಯನ್ನು ಅಳವಡಿಸತಕ್ಕದ್ದಲ್ಲ. ಸ್ಟ್ರಕ್ಚರಲ್ ಇಂಜಿನಿಯರರಿಂದ ಪ್ರತ್ಯೇಕ ವಿನ್ಯಾಸ ಪಡೆಯುವುದು ಅವಶ್ಯ. ಇಂತಹ ಕಂಬಿಗಳಿಗೆ 2023ರಲ್ಲಿ ಐ.ಎಸ್. 18256 ಮಾನಕವು ಪ್ರಕಟವಾಗಿದ್ದು, ಖರೀದಿಸುವಾಗ ಅದರಂತೆ ನಡೆಸಿದ ಪರೀಕ್ಷೆಯ ವರದಿಯನ್ನು ಕೇಳಿ ಪಡೆಯಬಹುದು.

ಕಂಬಿ ಯಾವುದೇ ಇರಲಿ, ಅದಕ್ಕೆ ಸೆಂಟ್ರಿಂಗ್ ಹಲಗೆಯ ಎಣ್ಣೆ ಅಥವಾ ಮಣ್ಣು ತಗುಲಿದ್ದರೆ ಹಿಡಿತ ಕುಂದುತ್ತದೆ. ಉಕ್ಕಿನ ಮೇಲಿನ ತೆಳುವಾದ ತುಕ್ಕಿನಿಂದ ತೊಂದರೆಯಿಲ್ಲ. ಪದರವಾಗಿ ಉದುರುವ ತುಕ್ಕನ್ನು ಮಾತ್ರ ಉಜ್ಜಿ ತೆಗೆಸಬೇಕು. ಕಾಂಕ್ರೀಟು ಹಾಕಿದ ಮೇಲೆ ಲ್ಯಾಪನ್ನು ಅಳೆಯುವುದು ಕಷ್ಟಸಾಧ್ಯವಾದುದರಿಂದ, ಅದರ ಹಿಂದಿನ ದಿನವೇ ಇಂಜಿನಿಯರರನ್ನು ಸ್ಥಳಕ್ಕೆ ಕರೆಸಿ ಟೇಪು ಹಿಡಿದು ಪರಿಶೀಲಿಸುವುದು ಸೂಕ್ತ.